ಹದಿನೇಳನೆಯ ಚೀಟಿ

ಕಳೆದ ತಿಂಗಳು ಮನೆಗೆ ಸುಣ್ಣ ಹೊಡೆಸಲು ಅಟ್ಟದ ಸಾಮಾನು ಇಳಿಸುವಾಗ ಬಿಸ್ಕಿಟಿನ ಹಳೆಯ ತಗಡಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಮಚದ ಹಿಡಿಯಿಂದ ಮೀಟಿ ತೆಗೆದ ಕೂಡಲೇ ಮೂರು ಸಲ ಸೀನಿದೆ. ಒಳಗೆ ದಾರ ಕಟ್ಟಿದ ರಟ್ಟಿನ ಚೀಟಿಗಳ ಎರಡು ಕಟ್ಟು, ಮಡಿಚಿಟ್ಟ ಒಂದು ದೊಡ್ಡ ಹಾಳೆ, ಅಷ್ಟೇ ಇದ್ದವು. ಮೂವತ್ತು ವರ್ಷದ ಹಿಂದಿನ ಮೆಣಸಿನಕಾಯಿ ಘಾಟು ರಟ್ಟಿನಲ್ಲಿ ಉಳಿದಿರಲಾರದು. ಸೀನಿದ್ದು ದೂಳಿಗೇ ಇರಬೇಕು. ಆದರೆ ನನ್ನ ಮೂಗಿಗೆ ಬಂದದ್ದು ಬ್ಯಾಡಗಿ ಸ್ಟೇಷನ್ನಿನ ವಾಸನೆ. ಅದರ ಬೆನ್ನಿಗೇ ದಫ್ತರದ ಚಾಚಾ ಬಂದರು...

ಕಟ್ಟುಗಳ ದಾರದ ಗಂಟು ನಾನು ಹಾಕಿದ್ದಲ್ಲ. ಕಚೇರಿಯ ಕಾಗದಪತ್ರಗಳಿಗೆ ಹಾಕುವ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಅದು. ಚಾಚಾ ಹಾಕಿದ್ದು. ಅಂದರೆ ಅವರು ಕೊಟ್ಟ ದಿನದಿಂದ ಈ ದಿನದವರೆಗೆ ನಾನು ಅದನ್ನು ಬಿಚ್ಚಿಯೇ ಇರಲಿಲ್ಲ.

ಆಗ ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಊರೊಳಗಿನ ಒಂದು ಸರಕಾರಿ ಕಚೇರಿಯ ಹಿಂದೆ ಹಂಚಿನ ಸಣ್ಣ ಕೋಣೆಯಿತ್ತು. ಸುತ್ತಲಿನ ತಾಲೂಕುಗಳಲ್ಲಿ ನಡೆದ ಬೆಳೆ ಪ್ರಯೋಗಗಳ ವರದಿಗಳನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಅಲ್ಲಿ ಇಡುತ್ತಿದ್ದರು. ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಚಾಚಾ. ಕಚೇರಿಯ ದೊಡ್ಡ ಸಾಹೇಬರಿಂದ ಹಿಡಿದು ಚಹಾ ತರುವವನವರೆಗೆ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಮೆಟ್ರಿಕ್ಕಿನಾಚೆ ಓದಿದವರಲ್ಲ. ಸಣ್ಣ ಗಡ್ಡ, ಮೂಗಿನ ತುದಿಗೆ ಜಾರಿದ ಕನ್ನಡಕ, ನೀಲಿ ಶಾಯಿಯ ಪೆನ್ನು. ಅಂಗಿ ಯಾವಾಗಲೂ ಬಿಳಿಯದು ಎಂದು ಬರೆಯಹೊರಟಿದ್ದೆ. ಬರೆಯುವಾಗ ಅನುಮಾನ ಬಂತು. ಕನ್ನಡಕದ ಬಗ್ಗೆ ಮಾತ್ರ ಖಾತ್ರಿಯಿದೆ.

ನಾನು ರಾಣೆಬೆನ್ನೂರಿನವನು. ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದ್ದೆ. ನನ್ನ ಮಾರ್ಗದರ್ಶಕರು ಕೊಟ್ಟ ವಿಷಯ ವಿಚಿತ್ರವಾಗಿತ್ತು. ಮೆಣಸಿನಕಾಯಿ ಒಣಗಿಸುವ ಬಗ್ಗೆ ಇಲ್ಲಿಯವರೆಗೆ ನಡೆದ ಪ್ರಯೋಗಗಳನ್ನೆಲ್ಲ ಹುಡುಕಿ ಓದಿ, ಯಾವುದು ಗೊತ್ತಾಗಿದೆ, ಯಾವುದು ಗೊತ್ತಾಗಿಲ್ಲ ಎಂದು ಹೇಳುವುದು. ಹೊಸ ಪ್ರಯೋಗ ಮಾಡುವಂತಿಲ್ಲ, ಆದ ಪ್ರಯೋಗಗಳನ್ನು ಓದಬೇಕು. ಈಗ ಇಂಥ ಕೆಲಸಕ್ಕೆ ದೊಡ್ಡ ಹೆಸರುಗಳಿವೆ, ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಆಗ ನನ್ನ ಗೆಳೆಯರು ‘ಊರವರ ಪತ್ರ ಓದುವವ’ ಎಂದು ನಗುತ್ತಿದ್ದರು. ವಾರಕ್ಕೆ ಎರಡು ದಿನ ಬೆಳಗಿನ ಪ್ಯಾಸೆಂಜರಿಗೆ ಹಾವೇರಿಗೆ ಹೋಗುತ್ತಿದ್ದೆ. ಸುಗ್ಗಿಯಲ್ಲಿ ಬ್ಯಾಡಗಿ ಬರುವ ಮೊದಲೇ ಜನ ಕಿಟಕಿ ಇಳಿಸಿ ಮೂಗಿಗೆ ಸೆರಗು, ಟವೆಲು ಹಿಡಿಯುತ್ತಿದ್ದರು. ರೈಲಿನ ಆ ಡಬ್ಬಿಯೊಳಗೆ ನಾನೂ ಉಸಿರು ಹಿಡಿದು ಕೂತಿರುತ್ತಿದ್ದೆ.

ಚಾಚಾನ ಕೋಣೆಯೂ ಹಾಗೇ ಇತ್ತು. ಒಂದೇ ಕಿಟಕಿ, ಅದಕ್ಕೆ ಸರಳು. ಗಾಳಿಗೆ ಕಾಗದ ಹಾರುತ್ತವೆಂದು ಬಾಗಿಲಿಗೆ ಒಳಗಿನಿಂದ ಚಿಲಕ. ಒಂದು ಕಡೆ ಕೂರುವ ಸ್ವಭಾವ ನನ್ನದಲ್ಲ. ಹತ್ತು ನಿಮಿಷಕ್ಕೊಮ್ಮೆ ಎದ್ದು ಎರಡು ಕಪಾಟುಗಳ ನಡುವೆ ಅಡ್ಡಾಡುತ್ತಿದ್ದೆ. ಮೂರು ಹೆಜ್ಜೆಗೆ ಗೋಡೆ ಸಿಗುತ್ತಿತ್ತು.

ಮೊದಲ ತಿಂಗಳು ಕೈಗೆ ಸಿಕ್ಕ ಗಂಟು ಬಿಚ್ಚಿ, ಚಂದ ಕಂಡದ್ದನ್ನು ಓದಿ ಬರೆದುಕೊಳ್ಳುತ್ತಿದ್ದೆ. ಒಂದು ದಿನ ಚಾಚಾ ಕನ್ನಡಕದ ಮೇಲಿಂದ ನೋಡಿ ಕೇಳಿದರು.

“ತಮ್ಮಾ, ಯಾವ ಗಂಟು ನೋಡೀದಿ, ಯಾವ ಗಂಟು ನೋಡಿಲ್ಲ, ಅದನ್ನ ಬರಕೊಂಡೀಯೇನು?”

“ಇಲ್ಲ ಚಾಚಾ. ಉಪಯೋಗ ಆಗೋದನ್ನ ಅಷ್ಟ ಬರಕೊಂಡೇನಿ.”

“ಹಂಗಾರ ನೀ ಹುಡುಕಾಕತ್ತಿಲ್ಲ. ಸಂತ್ಯಾಗ ತಿರಗ್ಯಾಡಾಕತ್ತೀ.”

ಅವತ್ತೇ ಕಪಾಟಿನ ಮೊದಲ ಗಂಟಿನಿಂದ ಪಟ್ಟಿ ಶುರುವಾಯಿತು. ಏನೂ ಸಿಗದ ಗಂಟಿನ ಮುಂದೆ ‘ಏನೂ ಇಲ್ಲ’ ಎಂದು ಬರೆಯಬೇಕು. ಬರೆಯದೆ ಬಿಟ್ಟರೆ ನಾಳೆ ಬಂದವನು ಮತ್ತೆ ಅದನ್ನೇ ಬಿಚ್ಚುತ್ತಾನೆ ಎಂಬುದು ಚಾಚಾನ ವಾದ. ಇಪ್ಪತ್ತೈದು ವರ್ಷ ಜನ ಅದದೇ ಗಂಟು ಬಿಚ್ಚುವುದನ್ನು ನೋಡಿದವರು ಅವರು.

ಎರಡನೆಯ ಪಾಠ ಬ್ಯಾಡಗಿಯಲ್ಲಾಯಿತು. ಚಾಚಾನ ಅಕ್ಕ ಅಲ್ಲಿ ಒಂದು ಮೆಣಸಿನಕಾಯಿ ಅಂಗಳದಲ್ಲಿ ಕಾಯಿ ಆರಿಸುವ ಹೆಣ್ಣುಮಕ್ಕಳಿಗೆ ಮುಖ್ಯಸ್ಥೆ. ಚಾಚಾ ಅವರನ್ನು ಆಪಾ ಎನ್ನುತ್ತಿದ್ದರು, ಹಾಗಾಗಿ ನಾನೂ ಆಪಾ ಎಂದೆ. ನಾವಿಬ್ಬರೂ ಒಂದೇ ಮೇಜಿಗೆ ಕೂತು ವರದಿ ಆರಿಸುತ್ತಿದ್ದೇವೆ, ಇದು ಬೇಕು, ಇದು ಬೇಡ ಎಂದು ಮಾತಾಡಿಕೊಂಡು ಚೀಟಿ ಬರೆಯುತ್ತಿದ್ದೇವೆ ಎಂದು ಚಾಚಾ ಹೇಳಿದಾಗ ಆ ಅಮ್ಮ ಬಾಯಿಯ ಎಲೆ ಒಂದು ಕಡೆ ಸರಿಸಿ ನಕ್ಕರು.

“ಸಾಲಿ ಕಲ್ತಾವ್ರು ಹಿಂಗೇನು ಆರಸೋದು? ಒಬ್ಬಾಕಿ ಕೈ ನೋಡಿ ಇನ್ನೊಬ್ಬಾಕಿ ಆರಿಸಿದ್ರ ಕಣ್ಣು ನಾಕಿದ್ರೂ ನೋಟ ಒಂದ ಆತು. ನೋಡ್ ಬಾ ಇಲ್ಲಿ.”

ಅವರ ಅಂಗಳದಲ್ಲಿ ಕಾಯಿಯ ದರ್ಜೆಯ ಬಗ್ಗೆ ತಕರಾರು ಬಂದರೆ, ರಾಶಿಯಿಂದ ಒಂದು ಬುಟ್ಟಿ ತೆಗೆದು ಮೊದಲು ಒಬ್ಬಳಿಗೆ ಕೊಡುತ್ತಿದ್ದರು. ಅವಳು ಒಳ್ಳೆಯದು, ಕೆಟ್ಟದ್ದು ಬೇರೆ ಮಾಡಿ ತೋರಿಸಿದ ಮೇಲೆ ಎಲ್ಲವನ್ನೂ ಮತ್ತೆ ಕಲಸಿ, ಬೆನ್ನು ಹಾಕಿ ಕೂತ ಇನ್ನೊಬ್ಬಳಿಗೆ ಕೊಡುತ್ತಿದ್ದರು. ಇಬ್ಬರದೂ ಹೊಂದಿದರೆ ಸರಿ. ಹೊಂದದಿದ್ದರೆ ಆಪಾ ತಾವೇ ಕೂತು ನೋಡುತ್ತಿದ್ದರು. ಯಾವುದು ಒಳಗೆ, ಯಾವುದು ಹೊರಗೆ ಎಂಬುದನ್ನು ಬುಟ್ಟಿ ಸುರಿಯುವ ಮೊದಲೇ ಎಲ್ಲರೆದುರು ಹೇಳಬೇಕು.

“ಒಂದೆರಡು ಕಾಯಿ ತಪ್ಪಿದ್ರ ಏನಾಗ್ತೈತ್ರಿ ಆಪಾ?” ಎಂದು ಕೇಳಿದೆ.

“ಒಂದ ಹಸೀ ಕಾಯಿ ಉಳದ್ರೂ ಒಳಗಿಂದೊಳಗ ಚೀಲ ಪೂರಾ ಬೂಸರ ಹಿಡೀತೈತಿ. ಆವಾಗ ಬಾ, ಏನಾಗ್ತೈತಿ ತೋರಸ್ತೇನಿ.” ಸುತ್ತ ಕೂತ ಹೆಣ್ಣುಮಕ್ಕಳು ನಕ್ಕರು. ಆಮೇಲೆ ಆಪಾ ತಮ್ಮ ಎರಡೂ ಅಂಗೈ ಚಾಚಿ ತೋರಿಸಿ, “ಕಾಯಿ ಬಣ್ಣದ ಮ್ಯಾಲ ಇಷ್ಟು ಬರದಾರಲ್ಲ, ಆರಸೋರ ಕೈ ಉರಿ ಮ್ಯಾಲ ಯಾರರ ಬರದಾರೇನು?” ಎಂದರು.

ಮರುವಾರ ನಾವೂ ಬೆನ್ನು ತಿರುಗಿಸಿ ಕೂತೆವು. ಮೊದಲು ನಿಯಮ ಬರೆದು ಗೋಡೆಗೆ ಅಂಟಿಸಿದೆವು. ವರದಿಯೊಂದು ‘ಒಳಗೆ’ ಬರಬೇಕಾದರೆ ಎಲ್ಲಿ, ಯಾವಾಗ ಒಣಗಿಸಿದರೆಂದು ಅದರಲ್ಲಿರಬೇಕು. ಬಣ್ಣವನ್ನೋ, ಕೊಳೆತದ್ದನ್ನೋ ಹೇಗೆ ಅಳೆದರೆಂದು ಇರಬೇಕು. ಅದೇ ಹೊಲದ, ಅದೇ ಕೊಯ್ಲಿನ ಕಾಯಿಯನ್ನು ಹಳೆಯ ರೀತಿಯಲ್ಲೂ ಒಣಗಿಸಿ ಹೋಲಿಸಿರಬೇಕು. ಒಂದೊಂದು ವರದಿಗೂ ಎರಡು ಚೀಟಿ. ನನ್ನದು ಕೆಂಪು ಶಾಯಿ, ಚಾಚಾನದು ನೀಲಿ. ಒಬ್ಬರದನ್ನೊಬ್ಬರು ನೋಡದೆ ‘ಒಳಗೆ’ ಅಥವಾ ‘ಹೊರಗೆ’ ಬರೆದು ಕಾರಣ ಬರೆಯಬೇಕು. ಸಂಜೆ ಗಾಡಿಯ ಹೊತ್ತಿಗೆ ಎರಡನ್ನೂ ಪಕ್ಕಕ್ಕಿಟ್ಟು ನೋಡಬೇಕು. ಚಾಚಾ ಇಂಗ್ಲಿಷ್ ವರದಿಗಳನ್ನು ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಆದರೆ ಅವರ ಕಾರಣಗಳು ನನ್ನವಕ್ಕಿಂತ ಚೊಕ್ಕವಾಗಿರುತ್ತಿದ್ದವು.

ಒಳಗೆ ಬಂದವನ್ನು ನಕ್ಷೆಗೆ ಏರಿಸುತ್ತಿದ್ದೆವು. ಹಳೆಯ ಕ್ಯಾಲೆಂಡರುಗಳ ಬೆನ್ನನ್ನು ಅಂಟಿಸಿ ಮಾಡಿದ ದೊಡ್ಡ ಹಾಳೆ. ಎಡಕ್ಕೆ ಕೆಳಗಿನಿಂದ ಮೇಲಕ್ಕೆ ಒಣಗಿಸುವ ಬಗೆಗಳು: ಬರಿ ನೆಲ, ಸಾರಿಸಿದ ಕಣ, ಸಿಮೆಂಟು, ಬಿದಿರಿನ ತಟ್ಟಿ. ಮೇಲ್ಗಡೆ ಸಾಲಾಗಿ ಅಳೆದ ಸಂಗತಿಗಳು: ಬಣ್ಣ, ಎಷ್ಟು ದಿನ, ಕೊಳೆತ. ಒಂದು ಪ್ರಯೋಗಕ್ಕೆ ಒಂದು ಮೆಣಸಿನ ಬೀಜ, ಎರಡೂ ಕೂಡುವ ಗೆರೆಮನೆಯಲ್ಲಿ ಗೋಂದು ಹಚ್ಚಿ ಅಂಟಿಸುವುದು. ಒಂದೇ ಪ್ರಯೋಗ ನಾಲ್ಕು ಕಡೆ ಅಚ್ಚಾಗಿದ್ದರೂ ಬೀಜ ಒಂದೇ. ಚಾಚಾ ಕೊನೆಗೆ ಒಂದು ಸಾಲು ಹೆಚ್ಚಿಗೆ ಎಳೆದು ‘ಕೈ ಉರಿ’ ಎಂದು ಬರೆದರು. ಅದರಲ್ಲಿ ಒಂದು ಬೀಜವೂ ಬೀಳಲಿಲ್ಲ. ತೆಗೆದುಬಿಡೋಣ ಎಂದಾಗ ಅವರು ಒಪ್ಪಲಿಲ್ಲ. “ಖಾಲಿ ಐತಿ ಅಂತ ಗೊತ್ತಾಗಾಕ ಇಷ್ಟು ದಿನ ಹಿಡೀತು. ತಗದ್ರ ಅದೂ ಹೋತು.”

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಆ ಕೋಣೆ ನನಗೆ ಅಷ್ಟು ಇಕ್ಕಟ್ಟೆನಿಸುತ್ತಿರಲಿಲ್ಲ. ಇಕ್ಕಟ್ಟು ಶುರುವಾದದ್ದು ಹದಿನೇಳನೆಯ ವರದಿಯಿಂದ.

ಅದು ನನ್ನ ಮಾರ್ಗದರ್ಶಕರದೇ ಪ್ರಯೋಗ. ಬಿದಿರಿನ ತಟ್ಟಿಯ ಮೇಲೆ ಒಣಗಿಸಿದರೆ ಬಣ್ಣ ಚೆನ್ನಾಗಿ ಉಳಿಯುತ್ತದೆ ಎಂದು ತೋರಿಸಿದ್ದು, ಅವರಿಗೆ ಹೆಸರು ತಂದದ್ದು. ಓದಿ ನೋಡಿದರೆ ಪಕ್ಕದಲ್ಲಿ ಹೋಲಿಕೆಗೆ ರಾಶಿಯೇ ಇಲ್ಲ. ಹಿಂದಿನ ವರ್ಷ ನೆಲದ ಮೇಲೆ ಒಣಗಿಸಿದ ಕಾಯಿಗೆ ಹೋಲಿಸಿದ್ದರು. ಚಾಚಾ ಎದ್ದುಹೋಗಿ ಬೇರೆ ಗಂಟು ಬಿಚ್ಚಿ, ಆ ಹಿಂದಿನ ವರ್ಷ ಕೊಯ್ಲಿಗೆ ಮಳೆ ಬಿದ್ದಿತ್ತೆಂದು ತೋರಿಸಿದರು. ಮಳೆಗೆ ಸಿಕ್ಕ ಕಾಯಿ ಹೇಗೂ ಬಣ್ಣಗೆಟ್ಟಿರುತ್ತದೆ. ‘ತಟ್ಟಿ, ಬಣ್ಣ’ ಎಂಬ ಮನೆಯಲ್ಲಿ ಬೀಳಬೇಕಾಗಿದ್ದ ಬೀಜ ಅದೊಂದೇ. ತಟ್ಟಿಯನ್ನು ಹೊಗಳಿದ ಉಳಿದ ಲೇಖನಗಳೆಲ್ಲ ಅದನ್ನೇ ಎತ್ತಿ ಹೇಳಿದ್ದವು. ಅದು ಹೊರಗೆ ಹೋದರೆ ಆ ಮನೆ ಖಾಲಿ.

ಮಾರ್ಗದರ್ಶಕರು ಕೆಟ್ಟವರಲ್ಲ. ಗದರಿಸಲಿಲ್ಲ. ನಕ್ಷೆಯ ನಕಲು ನೋಡಿ, “ಮೂರನೇ ನಿಯಮ ಸ್ವಲ್ಪ ಬಿಗಿ ಆತಲ್ಲಪಾ. ಹಿಂದಿನ ವರ್ಷದ ಕಾಯೀನೂ ಹೋಲಿಕೆನ ಅಲ್ಲೇನು? ವಿಚಾರ ಮಾಡು” ಎಂದರು. ಅಷ್ಟೇ. ಆ ತಿಂಗಳೇ ವಿಭಾಗದಲ್ಲಿ ಅಧ್ಯಾಪಕರ ಒಂದು ಜಾಗ ಖಾಲಿಯಾಗಿತ್ತು, ಸಂದರ್ಶನಕ್ಕೆ ಕೂರುವವರಲ್ಲಿ ಅವರೂ ಒಬ್ಬರು. ಪ್ರಬಂಧಕ್ಕೆ ಅವರ ಸಹಿ ಬೀಳದಿದ್ದರೆ ಮೂರು ವರ್ಷ ನೀರಿಗೆ. ನನ್ನ ಓದಿಗೆ ಸುತ್ತಲ ನಾಲ್ಕು ತಾಲೂಕಿನಲ್ಲಿ ಬೇರೆ ಕೆಲಸವೂ ಇರಲಿಲ್ಲ. ರಾಣೆಬೆನ್ನೂರಿನ ಸ್ಟೇಷನ್ನಿನಲ್ಲಿ ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ಹತ್ತಿದ ದಿನ ನೆನಪಿದೆ. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದದ್ದು...

ಚಾಚಾಗೆ ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ.

“ನಿಯಮ ಬದಲ್ ಮಾಡು, ಬ್ಯಾಡ ಅನ್ನಂಗಿಲ್ಲ. ಆದ್ರ ಬದಲ್ ಮಾಡಿದ ಮ್ಯಾಲ ಒಂದನೇ ಚೀಟಿಯಿಂದ ಎಲ್ಲಾ ತಿರುಗಿ ಓದಬೇಕು. ಹಿಂದಿನ ವರ್ಷಕ್ಕ ಹೋಲಿಸ್ಯಾರಂತ ಹೊರಗ ಹಾಕಿದ್ದು ಇನ್ನೂ ಒಂಬತ್ತು ಅದಾವು. ಒಂದಕ್ಕ ಬಾಗಲಾ ತಗದ್ರ ಒಂಬತ್ತಕ್ಕೂ ತಗೀಬೇಕು.”

ಅದು ನನಗೂ ಗೊತ್ತಿತ್ತು. ಆ ಒಂಬತ್ತರಲ್ಲಿ ಎರಡು, ತಟ್ಟಿಯ ಮೇಲೆ ಬಣ್ಣ ಕೆಡುತ್ತದೆ ಎಂದು ಹೇಳುವಂಥವು. ಅವನ್ನು ಒಳಗೆ ತಂದರೆ ಆ ಮನೆಯಲ್ಲಿ ಮಾರ್ಗದರ್ಶಕರ ಬೀಜ ಎರಡರ ಎದುರು ಒಂಟಿಯಾಗುತ್ತಿತ್ತು. ಮುಂದಕ್ಕೂ ದಾರಿಯಿಲ್ಲ, ಹಿಂದಕ್ಕೂ ಇಲ್ಲ.

“ಟೈಮಿಲ್ಲ ಚಾಚಾ,” ಎಂದೆ.

ಅವರು ಪೆನ್ನಿನ ಟೋಪಿ ಹಾಕಿದರು. “ಪ್ರಬಂಧದಾಗ ಎರಡನೇದಾಗಿ ಓದಿದವರು ಅಂತ ನನ್ನ ಹೆಸರು ಹಾಕ್ತೇನಿ ಅಂದಿದ್ಯಲ್ಲ, ಖರೇನು?”

“ಖರೇ ಚಾಚಾ. ಹಾಕ್ತೇನಿ.”

“ಹಂಗಾರ ನಾ ಓದಿದ್ದನ್ನೂ ಹಾಕು.”

ಇಲ್ಲಿಯವರೆಗೆ ನಡೆದದ್ದು ಹೀಗೇ ಎಂದು ಹೇಳಬಲ್ಲೆ. ಇದರ ಮುಂದಿನ ಮಾತನ್ನು ನಾನು ಬೇರೆಯಾಗಿ ಹೇಳುತ್ತ ಬಂದಿದ್ದೇನೆ. ಚಾಚಾ ಆಮೇಲೆ ನಕ್ಕು, “ಹೋಗ್ಲಿ ಬಿಡು ತಮ್ಮಾ, ಒಂದು ಕಾಯಿಗೆ ಚೀಲ ಕೆಡಂಗಿಲ್ಲ” ಎಂದರು, ನಾನು ಒಳಗೆ ಎಂದಿದ್ದೆ, ಅವರು ಹೊರಗೆ ಎಂದಿದ್ದರು, ಕೊನೆಗೆ ಅವರೇ ಬಿಟ್ಟುಕೊಟ್ಟರು ಎಂದು. ತರಗತಿಯಲ್ಲಿ ಹೇಳಿದ್ದೇನೆ. ಹೆಂಡತಿಗೆ ಹೇಳಿದ್ದೇನೆ. ನಿವೃತ್ತಿಯ ದಿನ ಭಾಷಣದಲ್ಲೂ ಹೇಳಿದೆ, ಜನ ಚಪ್ಪಾಳೆ ತಟ್ಟಿದರು.

ಪ್ರಬಂಧದಲ್ಲಿ ಚಾಚಾನ ಹೆಸರು ಬಂತು. ಹದಿನೇಳನೆಯ ವರದಿಯ ಬೀಜವನ್ನು ನಾನೇ ಅಂಟಿಸಿದ ನಕ್ಷೆಯೂ ಬಂತು, ‘ಕೈ ಉರಿ’ಯ ಸಾಲು ಬಿಟ್ಟು. ಹದಿನೇಳನೆಯ ವರದಿಯ ಬಗ್ಗೆ ‘ಇಬ್ಬರು ಓದುಗರೂ ಒಮ್ಮತಕ್ಕೆ ಬಂದರು’ ಎಂದು ಒಂದು ವಾಕ್ಯ ಬರೆದೆ. ಕೆಲಸ ಸಿಕ್ಕಿತು.

ಪ್ರಬಂಧದ ಪ್ರತಿ ಕೊಡಲು ಹಾವೇರಿಗೆ ಹೋದ ದಿನ ಚಾಚಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮೊದಲು ತಮ್ಮ ಹೆಸರಿದ್ದ ಪುಟ ತೆಗೆದು, ತುಟಿ ಅಲ್ಲಾಡಿಸುತ್ತ ಓದಿದರು. ಆಮೇಲೆ ನಕ್ಷೆಯ ಪುಟ. ತಟ್ಟಿಯ ಸಾಲಿನ ಮೇಲೆ ಬೆರಳು ಸರಿಸಿ ಒಂದು ಕಡೆ ನಿಲ್ಲಿಸಿದರು. ನನಗೆ ಬಾಗಿಲ ಚಿಲಕದ ಕಡೆಗೇ ಕಣ್ಣು. ಅವರು ಪುಸ್ತಕ ಮುಚ್ಚಿ ಕೆಂಪು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದರು. “ಇದಕ್ಕೂ ಒಂದು ನಂಬರ್ ಹಾಕ್ತೇನಿ. ಚಾ ತರಸ್ಲೇನು?” ಎಂದರು. ನಾನು ಗಾಡಿಗೆ ಹೊತ್ತಾಯಿತೆಂದೆ. ಏಳುವಾಗ ಆ ಬಿಸ್ಕಿಟಿನ ಡಬ್ಬಿ ಕೊಟ್ಟರು. “ಚೀಟಿ, ನಕ್ಷೆ ಎಲ್ಲಾ ಅದಾವು. ನಂದೂ ನಿಂದೂ. ಇಟ್ಕೋ, ಯಾವಾಗರ ಬೇಕಾಗ್ತಾವು.”

ಮತ್ತೆ ನಾನು ಆ ಕೋಣೆಗೆ ಹೋಗಲಿಲ್ಲ. ಹೋಗದಿರಲು ಕಾರಣಗಳು ಪ್ರತಿವರ್ಷವೂ ಸಿಕ್ಕವು. ಜಿಲ್ಲೆಯಾದ ಮೇಲೆ ಹಾವೇರಿಗೆ ಯಾವುದೋ ಸಭೆಗೆ ಹೋದಾಗ ಆ ಜಾಗದಲ್ಲಿ ಹೊಸ ಕಟ್ಟಡದ ಪಾಯ ಎದ್ದಿತ್ತು. ಕೇಳಿದೆ. ಚಾಚಾ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಟುಗಳು ಏನಾದವೆಂದು ಹೇಳುವವರು ಯಾರೂ ಇರಲಿಲ್ಲ. ಬ್ಯಾಡಗಿಗೆ ಹೋಗಿ ಆಪಾಗೆ ಮುಖ ತೋರಿಸುವ ಧೈರ್ಯ ನನಗಿರಲಿಲ್ಲ.

ನಕ್ಷೆ ಮಾತ್ರ ಉಳಿಯಿತು. ಮುಂದೆ ಬಂದವರೆಲ್ಲ ಅದನ್ನು ನೋಡಿ ತಮ್ಮ ವಿಷಯ ಆರಿಸಿಕೊಂಡರು. ಬೀಜವಿಲ್ಲದ ಮನೆಗಳಿಗೆ ಹೋದರು, ಬೀಜವಿದ್ದ ಮನೆ ಬಿಟ್ಟರು. ತಟ್ಟಿಯನ್ನೂ ನೆಲವನ್ನೂ ಒಂದೇ ಕೊಯ್ಲಿನ ಕಾಯಿಯಿಂದ ಹೋಲಿಸಿ ನೋಡುತ್ತೇನೆ ಎಂದು ಒಬ್ಬ ವಿದ್ಯಾರ್ಥಿನಿ ಬಂದಿದ್ದಳು. ಅದು ಆಗಿಹೋಗಿದೆಯಮ್ಮ, ನಕ್ಷೆ ನೋಡು ಎಂದು ಕಳಿಸಿದವನು ನಾನೇ.

ಈಗ ಡಬ್ಬಿ ಎದುರಿಗಿತ್ತು. ನೆನಪನ್ನು ನಂಬುವ ಜಾತಿಯವನಲ್ಲ ನಾನು. ಆದರೂ ಚಾಚಾನ ಆ ನಗುವನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಅವರ ರೀತಿಯಲ್ಲೇ ಶುರು ಮಾಡಿದೆ. ಆ ಮಾತು ಎಲ್ಲೆಲ್ಲಿ ಬಂದಿದೆ? ತರಗತಿ, ಮನೆ, ಭಾಷಣ. ಮೂರೂ ಕಡೆ ಹೇಳಿದವನು ನಾನೇ. ಬೀಜ ಒಂದೇ. ಇನ್ನು, ಒಂದು ಕಾಯಿಗೆ ಚೀಲ ಕೆಡುವುದಿಲ್ಲ ಎಂದು ಅಂಥ ಅಕ್ಕನ ತಮ್ಮ ಹೇಳಿಯಾನೆ? ಹಸೀ ಕಾಯಿಯ ಮಾತು ಕೇಳಿ ಬೆಳೆದ ಮನುಷ್ಯ ಅವರು. ಆ ಮಾತು ನನಗೆ ಬೇಕಾಗಿತ್ತು. ನಾನೇ ಮಾಡಿಕೊಂಡೆ ಎಂದು ಕಾಣುತ್ತದೆ.

ಆಮೇಲೆ ಗಂಟು ಎಳೆದೆ. ಮೂವತ್ತು ವರ್ಷದ ಮೇಲೂ ಒಂದೇ ಎಳೆತಕ್ಕೆ ಬಿಚ್ಚಿತು. ಚಾಚಾನ ಹದಿನೇಳನೆಯ ಚೀಟಿ, ನೀಲಿ ಶಾಯಿ: ‘ಹೊರಗೆ. ಪಕ್ಕದಲ್ಲಿ ರಾಶಿ ಇಲ್ಲ. ಹಿಂದಿನ ವರ್ಷ ಮಳೆ.’ ಇದು ಗೊತ್ತಿದ್ದದ್ದೇ. ನನ್ನ ಹದಿನೇಳನೆಯ ಚೀಟಿ, ಕೆಂಪು ಶಾಯಿ: ‘ಒಳಗೆ.’ ಇದೂ ಗೊತ್ತಿದ್ದದ್ದೇ. ಆದರೆ ಆ ಅಕ್ಷರಗಳು ಇದ್ದಲ್ಲಿ ರಟ್ಟು ತೆಳ್ಳಗಾಗಿತ್ತು, ಶಾಯಿ ಹರಡಿಕೊಂಡಿತ್ತು. ಬ್ಲೇಡಿನಿಂದ ಕೆರೆದು ಅದರ ಮೇಲೆ ಬರೆದಾಗ ಹಾಗಾಗುತ್ತದೆ. ಕಿಟಕಿಯ ಬೆಳಕಿಗೆ ಹಿಡಿದೆ. ಕೆಳಗೆ ನನ್ನದೇ ಕೈಯಲ್ಲಿ ‘ಹೊರಗೆ’ ಎಂದಿತ್ತು. ಅದರ ಮುಂದೆ, ಮಾಸಿದ ಶಾಯಿಯಲ್ಲಿ, ಕೆರೆಯಲು ಮರೆತ ಮೂರು ಮಾತು: ‘ಪಕ್ಕದಲ್ಲಿ ರಾಶಿ ಇಲ್ಲ.’

ನಮ್ಮಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ. ಬೆನ್ನು ತಿರುಗಿಸಿ ಕೂತು ಇಬ್ಬರೂ ಒಂದೇ ಮಾತು ಬರೆದಿದ್ದೆವು. ‘ಇಬ್ಬರು ಓದುಗರೂ ಒಮ್ಮತಕ್ಕೆ ಬಂದರು’ ಎಂದು ನಾನು ಬರೆದದ್ದು, ಒಂದರ್ಥದಲ್ಲಿ ನಿಜವೇ ಆಗಿತ್ತು. ಯಾವುದಕ್ಕೆ ಒಮ್ಮತ ಎಂಬುದನ್ನಷ್ಟೇ ಬದಲಿಸಿದ್ದೆ. ಎರಡೂ ಕಟ್ಟುಗಳನ್ನು ಕಟ್ಟಿಕೊಟ್ಟವರು ಚಾಚಾ. ಕಟ್ಟುವಾಗ ನನ್ನ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿರದಿರಲು ಸಾಧ್ಯವಿಲ್ಲ. ನೋಡಿ, ಗಂಟು ಹಾಕಿ, ಚಾ ತರಸ್ಲೇನು ಎಂದು ಕೇಳಿದ್ದರು...

ನಕ್ಷೆಯನ್ನು ನೆಲದ ಮೇಲೆ ಬಿಡಿಸಿದೆ. ಬೀಜಗಳು ಕಂದಿದ್ದರೂ ಅಂಟಿಕೊಂಡೇ ಇದ್ದವು. ಕೊನೆಯ ಸಾಲು, ‘ಕೈ ಉರಿ’, ಖಾಲಿಯಾಗಿ ಹಾಗೇ ಇತ್ತು. ಬಿದಿರಿನ ತಟ್ಟಿಯ ಎದುರು, ಬಣ್ಣದ ಮನೆಯಲ್ಲಿದ್ದ ಬೀಜವನ್ನು ಉಗುರಿನಿಂದ ಎಬ್ಬಿಸಿದೆ. ಅದು ಸುಲಭವಾಗಿ ಬಂತು. ಗೋಂದಿನ ಕಲೆ ಉಳಿಯಿತು. ಹೊಸ ಚೀಟಿಯೊಂದರಲ್ಲಿ ‘ಹದಿನೇಳು, ಹೊರಗೆ’ ಎಂದು ಬರೆದು ಕಾರಣವನ್ನೂ ಬರೆದೆ. ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೆಂದು ವಿಚಾರಿಸುತ್ತಿದ್ದೇನೆ. ಸಿಕ್ಕರೆ ಎಲ್ಲವನ್ನೂ ಹೇಳಬೇಕು.

ಬರೆದ ಚೀಟಿಯನ್ನು ಅಭ್ಯಾಸಬಲದಿಂದ ಮಗುಚಿ ಹಾಕಿದೆ, ಬೆನ್ನ ಹಿಂದೆ ಕೂತ ಚಾಚಾಗೆ ಕಾಣಬಾರದೆಂದು. ಅವರದೂ ಮುಗಿಯಲಿ ಎಂದು ಸ್ವಲ್ಪ ಹೊತ್ತು ಕಾದೆ.